ನಗ್ಲಾ ತುಂಬಿದ ಹಲ್ಲು

ದಮನ್‌ಹೂರ್, ಹಲವಾನಿ ಗಲ್ಲಿ
೧೨ ಫೆಬ್ರವರಿ ೧೯೯೨

ನಗ್ಲಕ್ಕ,

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ಅಪ್ಪನ ಒಂದು ಹಲ್ಲು ಬಿಟ್ಟು. ಈ ಪತ್ರ ಆ ಹಲ್ಲಿನ ವಿಷಯಕ್ಕೇ ಬರೆಯುತ್ತಿದ್ದೇನೆ.

ಬಲಗಡೆ ಕೆಳದವಡೆಯ ದೊಡ್ಡ ಹಲ್ಲು. ನೀನು ಕೊನೆಯ ವರ್ಷದ ಪರೀಕ್ಷೆಯಲ್ಲಿ ಬೆಳ್ಳಿ ತುಂಬಿದ್ದು. ಬಂದವರಿಗೆಲ್ಲ ಅಪ್ಪ ತುಟಿ ಎಳೆದು ತೋರಿಸುತ್ತಾರಲ್ಲ, ಅದೇ. ಆ ಫಿಲ್ಲಿಂಗಿನ ಹಿಂದಿನ ಮೂಲೆ ಒಡೆದಿದೆ. ತಾವೇ ಮಾಡಿ ಮಾರುವ ಕುನಾಫಾ ಸಿಹಿಯ ಶಾವಿಗೆಯಂಥ ಎಳೆಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ. ಅಂಗಡಿಯಲ್ಲಿ ನಿಂತು ನಾಲಿಗೆಯಿಂದ ತಳ್ಳುತ್ತಲೇ ಇರುತ್ತಾರೆ. ತಮ್ಮನ್ನು ಅಣಕಿಸುತ್ತಿದ್ದಾರೆಂದು ಗಿರಾಕಿಗಳು ಮುಖ ಊದಿಸಿಕೊಳ್ಳುತ್ತಾರೆ.

ಹಳೆಯದನ್ನು ಪೂರ್ತಿ ತೆಗೆದು ಹೊಸದು ಹಾಕುತ್ತೇನೆ ಎಂದೆ. ಅವರು ಬಾಯಿ ಮುಚ್ಚಿಕೊಂಡುಬಿಟ್ಟರು.

"ಅದು ನಗ್ಲಾ ಹಾಕಿದ್ದು. ಅವಳನ್ನ ಕೇಳ್ದೆ ನಾನು ಬಾಯಿ ತೆಗೆಯಲ್ಲ."

"ಅಪ್ಪಾ, ಹಲ್ಲು ನಿಮ್ದಲ್ವಾ?"

"ಹಲ್ಲು ನಂದು, ಬೆಳ್ಳಿ ಅವಳ್ದು. ಬರೆದು ಕೇಳು."

ಅದಕ್ಕೇ ಕೇಳುತ್ತಿದ್ದೇನೆ. ಒಂದು ಸಾಲು ಬರೆದು ಕಳಿಸಿದರೆ ಸಾಕು.

ನನ್ನ ಕಷ್ಟ ನಿನಗೆ ಗೊತ್ತಿರುವುದೇ. ನಮ್ಮ ಕಾಲೇಜಿನಲ್ಲಿ ರೋಗಿಗಳನ್ನು ನಾವೇ ಹುಡುಕಿ ತರಬೇಕು. ನನಗಿನ್ನು ಒಂದೇ ಒಂದು ದೊಡ್ಡ ಫಿಲ್ಲಿಂಗ್ ಬಾಕಿ ಇದೆ. ಮೇ ಏಳಕ್ಕೆ ವಿದ್ಯಾರ್ಥಿಗಳ ಕ್ಲಿನಿಕ್ ಮುಚ್ಚುತ್ತದೆ. ನಾಲ್ಕನೇ ವರ್ಷ ನಾನು ಒಮ್ಮೆ ಫೇಲಾದವಳು. ಇನ್ನೊಮ್ಮೆ ಆದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ. ಐದು ವರ್ಷ ಓದಿದ್ದು ಅಲ್ಲಿಗೆ ಮುಗಿಯಿತು.

ನೀನು ಓದುವಾಗ ಗಲ್ಲಿಯ ಅಷ್ಟೂ ಬಾಯಿಗಳನ್ನು ತುಂಬಿಸಿ ಹೋದೆ. ಇಸ್ತ್ರಿಯ ಅಬ್ದೂ ಚಾಚಾನ ಹತ್ತಿರ ಹೋದರೆ, "ನಿಮ್ಮಕ್ಕ ಎಲ್ಲಾ ಮುಗ್ಸಿ ಹೋದ್ಲು ಕಣಮ್ಮ, ನಿಂಗೆ ಅಂತ ಒಂದು ಹುಳುಕೂ ಉಳಿಸ್ಲಿಲ್ಲ" ಎಂದು ನಕ್ಕ. ನನ್ನ ಜೊತೆಯವರು ಬಸ್ ನಿಲ್ದಾಣದಲ್ಲಿ ನಿಂತು ಪ್ರಯಾಣಿಕರನ್ನು ಹಿಡಿದು ತರುತ್ತಾರೆ. ನನಗೆ ಅದು ಆಗುವುದಿಲ್ಲ. ಬೇರೆಯವರಿಗೆ ಬಾಯಿ ತೆರೆಯಿರಿ ಎನ್ನಬೇಕಾದರೆ ಮೊದಲು ನಾನು ಬಾಯಿ ತೆರೆಯಬೇಕಲ್ಲ.

ಬೇಗ ಬರೆ. ರಂಜಾನ್ ಶುರುವಾದರೆ ಉಪವಾಸದಲ್ಲಿ ಗಂಟಲಿಗೆ ನೀರಿಳಿಯುತ್ತದೆಂದು ಯಾರೂ ಕುರ್ಚಿಯ ಹತ್ತಿರವೂ ಸುಳಿಯುವುದಿಲ್ಲ.

ರಾವಿಯಾ


ದಾಖ್ಲಾ ಓಯಸಿಸ್, ಆರೋಗ್ಯ ಘಟಕ
೨೨ ಫೆಬ್ರವರಿ ೧೯೯೨

ರಾವಿಯಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಫಿಲ್ಲಿಂಗಿನ ಬಗ್ಗೆ ಅದರಲ್ಲಿರುವುದು ಒಂದೇ ಮಾತು, ಮೂಲೆ ಒಡೆದಿದೆ ಎಂದು. ಉಳಿದದ್ದೆಲ್ಲ ನಿನಗೆ ಏನು ಬೇಕು ಎನ್ನುವುದು.

ಸೂಜಿ ಇಟ್ಟು ನೋಡಿದೆಯಾ? ಮೂಲೆಯ ಕೆಳಗೆ ಹಲ್ಲು ಮೆತ್ತಗಿದೆಯಾ, ಗಟ್ಟಿಯಿದೆಯಾ? ತಣ್ಣೀರು ಕುಡಿದರೆ ನೋಯುತ್ತದೆಯಾ? ಉಳಿದ ಅಂಚು ಹಲ್ಲಿಗೆ ಅಂಟಿಕೊಂಡಿದೆಯಾ? ಒಂದನ್ನೂ ಬರೆದಿಲ್ಲ. ನೋಡಿಯೂ ಇಲ್ಲ ಎಂದುಕೊಳ್ಳುತ್ತೇನೆ. ನೋಡುವ ಮೊದಲೇ ಪೂರ್ತಿ ತೆಗೆಯಬೇಕೆಂದು ತೀರ್ಮಾನವಾಗಿದೆ.

ಮೂರನೇ ವರ್ಷದ ಹುಡುಗಿಗೂ ಗೊತ್ತಿರುವುದನ್ನು ನಾನು ಹೇಳಬೇಕೇ? ಹಳೆಯ ಫಿಲ್ಲಿಂಗನ್ನು ಪೂರ್ತಿ ಕೊರೆದು ತೆಗೆದರೆ ಅದರ ಜೊತೆ ಒಳ್ಳೆಯ ಹಲ್ಲೂ ಹೋಗುತ್ತದೆ. ಎಂಥ ಕೈಯಾದರೂ ಸರಿ, ಹೋಗಿಯೇ ಹೋಗುತ್ತದೆ. ಗುಂಡಿ ದೊಡ್ಡದಾಗುತ್ತದೆ, ಗೋಡೆ ತೆಳ್ಳಗಾಗುತ್ತದೆ, ನರ ಹತ್ತಿರವಾಗುತ್ತದೆ. ನೀನು ಹಾಕಿದ್ದನ್ನು ನಾಳೆ ಇನ್ನೊಬ್ಬಳು ತೆಗೆಯುತ್ತಾಳೆ. ಮೂರನೆಯವಳಿಗೆ ಕೀಳಲು ಒಂದು ಬೇರು ಮಾತ್ರ ಉಳಿದಿರುತ್ತದೆ. ಮೂಲೆ ಕೆಟ್ಟಿದ್ದರೆ ಮೂಲೆಯನ್ನಷ್ಟೇ ಕೊರೆದು, ಅಷ್ಟಕ್ಕೆ ಬೆಳ್ಳಿ ತುಂಬಿ ಸರಿಮಾಡು. ಅಷ್ಟಕ್ಕೆ ನನ್ನ ಒಪ್ಪಿಗೆ ಇದೆ. ಪೂರ್ತಿ ತೆಗೆಯಲು ಇಲ್ಲ.

ಗಲ್ಲಿಯನ್ನು ನಾನು ಖಾಲಿ ಮಾಡಿದೆ ಎನ್ನುವುದು ಚೆನ್ನಾಗಿದೆ. ನಾನು ಬಾಗಿಲು ಬಾಗಿಲಿಗೆ ಹೋಗಿ ಕರೆತಂದೆ. ಆಗ ನೀನು ನನ್ನ ಜೊತೆ ಬರಲು ನಾಚಿಕೊಂಡು ಮಾಳಿಗೆಯ ಮೇಲೆ ಕೂತಿರುತ್ತಿದ್ದೆ.

ಇಲ್ಲಿ ನನ್ನ ಕೆಲಸ ಚೆನ್ನಾಗಿ ನಡೆದಿದೆ. ಬಾಗಿಲು ತೆಗೆಯುವ ಮೊದಲೇ ಸಾಲು ನಿಂತಿರುತ್ತದೆ. ಅಮ್ಮನಿಗೆ ಹೇಳು, ಖರ್ಜೂರ ಕಳಿಸುತ್ತೇನೆ.

ನಗ್ಲಾ


ದಮನ್‌ಹೂರ್
೩ ಮಾರ್ಚ್ ೧೯೯೨

ಡಾಕ್ಟರ್ ನಗ್ಲಾ ಬಯೂಮಿ ಅವರಿಗೆ,

ತಾವು ಕಳಿಸಿದ ಪಾಠ ತಲುಪಿತು. ಸಾಲುಗಟ್ಟಿ ನಿಂತಿರುವ ರೋಗಿಗಳ ನಡುವೆ ನನಗಾಗಿ ಬಿಡುವು ಮಾಡಿಕೊಂಡಿದ್ದಕ್ಕೆ ಉಪಕಾರವಾಯಿತು.

ತಮಗೆ ಮರೆತಿರಬಹುದು, ರಿಪೇರಿಗೆ ಇಲ್ಲಿ ನಂಬರಿಲ್ಲ, ಅದು ಕೇಸಿನ ಲೆಕ್ಕಕ್ಕೇ ಬರುವುದಿಲ್ಲ. ಡಾಕ್ಟರ್ ಮಹ್ರೂಸ್ ಅವರನ್ನು ಕೇಳಿದೆ. ಕ್ಲಿನಿಕ್ಕಿನಲ್ಲಿ ನಮ್ಮ ಕೆಲಸ ನೋಡಿ ಸಹಿ ಹಾಕುವವರು ಅವರೇ. "ತೇಪೆ ಹಾಕಿದ್ದಕ್ಕೆ ನಂಬರ್ ಕೊಡೋಕೆ ಇದೇನು ದರ್ಜಿ ಅಂಗ್ಡೀನಾ?" ಎಂದರು. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು.

ಕಳೆದ ವಾರ ಅವರು ನಮ್ಮ ಗುಂಪಿಗೆ ಒಬ್ಬ ಮುದುಕನ ಬಾಯಿ ತೋರಿಸಿದರು. ಹಳೆಯ ಫಿಲ್ಲಿಂಗ್, ಅಂಚಿನಲ್ಲಿ ಕಪ್ಪು ಗೆರೆ. ರಿಪೇರಿಯಾ, ಹೊಸದಾ ಎಂದು ಕೇಳಿದರು. ಎಲ್ಲರೂ ಒಂದೇ ಉಸಿರಿಗೆ ಹೊಸದು ಎಂದೆವು. ಹಿಂದೆ ನಿಂತಿದ್ದವರಿಗೆ ಹಲ್ಲು ಕಾಣುತ್ತಲೂ ಇರಲಿಲ್ಲ. ರಿಪೇರಿ ಮಾಡಿದವನಿಗೆ ಸಹಿ ಸಿಗುವುದಿಲ್ಲ ಎನ್ನುವುದು ಅರ್ಧ ಮಾತು. ಉಳಿದರ್ಧ ನೀವು ಬಲ್ಲಿರಿ. ಕೊನೆಗೆ ಕೈ ಹಾಕಿದವನದೇ ಹಲ್ಲು. ಮೂಲೆ ನಾನು ಸರಿಮಾಡಿ, ನಾಳೆ ನಿಮ್ಮ ಭಾಗ ಬಿದ್ದುಹೋದರೂ ಬೈಗುಳ ನನಗೇ ಬರುತ್ತದೆ. ನಿಮ್ಮ ತಪ್ಪನ್ನು ನಾನೇಕೆ ಹೊರಲಿ?

ತಪ್ಪು ಎಂದೆ. ಹೌದು. ಪಕ್ಕದ ಮನೆಯ ಉಮ್ ಹಾಶಿಮ್ ಬಾಯಿಗೆ ಕನ್ನಡಿ ಹಿಡಿದು ನೋಡಿ ಬಂದೆ. ಎಡಗಡೆ ನೀವು ಹಾಕಿದ್ದು ಎತ್ತರವಾಗಿದೆ. ಮೂರು ವರ್ಷದಿಂದ ಆಕೆ ಒಂದೇ ಪಕ್ಕದಲ್ಲಿ ಅಗಿಯುತ್ತಿದ್ದಾಳೆ. ಹೇಳಿದ್ದಕ್ಕೆ ನನ್ನ ಮೇಲೇ ಹಾರಿಬಿದ್ದಳು. "ಅಕ್ಕ ಹಾಕಿದ್ದನ್ನ ನೀನು ಕೀಳ್ತೀಯಾ? ನಾಳೆ ನಿಮ್ಮಮ್ಮ ಬೇಯ್ಸಿದ್ದನ್ನ ತಗೊಂಡೋಗಿ ಬೀದಿಗೆ ಚೆಲ್ತೀಯಾ? ಆ ಹುಡ್ಗೀದು ಚಿನ್ನದಂಥ ಕೈ. ಒಂದು ಪಕ್ಕ ಅಗಿದ್ರೆ ನಂಗೇನು ಕಮ್ಮಿಯಾಯ್ತು?"

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಬರುವ ವರ್ಷ ನೀವು ವಾಪಸಾಗಿ ಅಂಗಡಿಯ ಪಕ್ಕದ ಕೋಣೆಯಲ್ಲಿ ಕ್ಲಿನಿಕ್ ತೆರೆಯಬೇಕು. ಅಪ್ಪ ನಿಮ್ಮ ಹೆಸರಿನ ಬೋರ್ಡನ್ನು ಈಗಲೇ ಬರೆಸಿ ತಟ್ಟೆಗಳ ಹಿಂದೆ ಇಟ್ಟಿದ್ದಾರೆ. ನಗ್ಲಾ ಹಾಕಿದ್ದು ಒಡೆಯುತ್ತದೆ, ರಾವಿಯಾ ಬಂದು ತೆಗೆಯಬೇಕಾಯಿತು ಎಂದು ಗಲ್ಲಿಯಲ್ಲಿ ಸುದ್ದಿಯಾದರೆ ಬೋರ್ಡಿಗೆ ಮಸಿ. ಅದಕ್ಕಾಗಿ ನಾನು ಕಾಲೇಜಿನಿಂದ ಹೊರಬೀಳಬೇಕು.

ನಾಡಿದ್ದು ರಂಜಾನ್. ಇನ್ನು ತಿಂಗಳೊಪ್ಪತ್ತು ನಾನು ಕೈ ಕಟ್ಟಿ ಕೂರುವುದು. ತಮಗೆ ಸಂತೋಷವಾಗಿರಬೇಕು.

ರಾವಿಯಾ ಬಯೂಮಿ
ವಿದ್ಯಾರ್ಥಿನಿ, ಸದ್ಯಕ್ಕೆ


ದಾಖ್ಲಾ
೧೬ ಮಾರ್ಚ್ ೧೯೯೨

ರಾವಿಯಾ,

ನಿನ್ನ ಪತ್ರದ ಜೊತೆಗೇ ಅಮ್ಮನ ಪತ್ರವೂ ಬಂತು. ಅಮ್ಮ ಹೇಳಿದ್ದನ್ನು ಹಾಶಿಮ್ ಬರೆದಿದ್ದಾನೆ. ತನ್ನ ತಾಯಿ ಉಮ್ ಹಾಶಿಮ್ ಹೇಳಿದ್ದನ್ನೂ ಸೇರಿಸಿಯೇ ಬರೆದಿದ್ದಾನೆ. ನೀನು ಜೇಬಿನಲ್ಲಿ ಕನ್ನಡಿ ಇಟ್ಟುಕೊಂಡು ಮನೆಮನೆ ಸುತ್ತುತ್ತೀಯಂತೆ. ಅಬ್ದೂ ಚಾಚಾನಿಗೆ ಅಂಗಡಿಯಲ್ಲೇ, ಜನರ ಎದುರಿಗೆ, ಬಾಯಿ ತೆರೆಸಿ ತಲೆ ಅಲ್ಲಾಡಿಸಿದೆಯಂತೆ. "ಅವಳು ಏನೂ ಅನ್ಲಿಲ್ಲ ಮಗಳೇ, ಬರೀ ತಲೆ ಆಡ್ಸಿದ್ಲು, ಅವನು ರಾತ್ರಿಯೆಲ್ಲ ನಿದ್ದೆ ಮಾಡ್ಲಿಲ್ಲ" ಎಂದು ಅಮ್ಮ ಬರೆಸಿದ್ದಾರೆ.

ಮಾತಾಡಲು ನಾಚಿಕೆ ಎನ್ನುವವಳು ತಲೆ ಅಲ್ಲಾಡಿಸಿ ಇಷ್ಟೆಲ್ಲ ಮಾಡಬಲ್ಲೆ ಎಂದು ನನಗೆ ಗೊತ್ತಿರಲಿಲ್ಲ.

ಉಮ್ ಹಾಶಿಮ್ ಫಿಲ್ಲಿಂಗ್ ಎತ್ತರವಿದ್ದರೆ ಸ್ವಲ್ಪ ಉಜ್ಜಿ ತಗ್ಗಿಸು. ಕಾಲು ಗಂಟೆಯ ಕೆಲಸ. ಆದರೆ ಅದಕ್ಕೂ ನಂಬರಿಲ್ಲ, ಅಲ್ಲವೇ? ನಂಬರಿಲ್ಲದ ನೋವು ನಿನಗೆ ಕಾಣುವುದಿಲ್ಲ. ಮೂರು ವರ್ಷದಿಂದ ಆಕೆ ಒಂದು ಪಕ್ಕ ಅಗಿಯುತ್ತಿದ್ದಾಳೆಂದು ಕಂಡುಹಿಡಿದವಳು, ಅದನ್ನು ಸರಿಮಾಡದೆ ನನಗೆ ಪತ್ರ ಬರೆದೆ. ನೀನು ಯಾವ ಬಗೆಯ ಡಾಕ್ಟರಾಗುತ್ತೀಯೋ ನೋಡುತ್ತಿದ್ದೇನೆ.

ನಾಲ್ಕನೇ ವರ್ಷ ಫೇಲಾಗಿದ್ದು ನಾನು ಹೇಳಿಯಲ್ಲ. ಆಗಲೂ ನಿನಗೆ ಬೇರೆಯವರ ತಪ್ಪೇ ಕಂಡಿತ್ತು.

ಬೋರ್ಡಿನ ಮಾತೆತ್ತಿದ್ದೀಯ. ಗಲ್ಲಿಯಲ್ಲಿ ನಾನು ಹಾಕಿದ್ದನ್ನೆಲ್ಲ ಬೇಕಾದರೆ ಒಂದೊಂದಾಗಿ ಕಿತ್ತುಹಾಕು. ಕನ್ನಡಿಯ ಜೊತೆ ತಮಟೆಯನ್ನೂ ಹಿಡಿದು ಸಾರು. ಅಪ್ಪನ ಹಲ್ಲನ್ನು ಮುಟ್ಟಬೇಡ. ಅದರ ಅರ್ಧ ಗೋಡೆ ತೆಳ್ಳಗಿದೆ, ನನಗೆ ಗೊತ್ತು, ಕೊರೆದವಳು ನಾನು. ಪೂರ್ತಿ ತೆಗೆಯಲು ಹೋದರೆ ಅದು ಒಡೆಯುತ್ತದೆ. ಒಡೆದ ಮೇಲೆ ನನ್ನನ್ನು ಅಕ್ಕ ಎಂದು ಕರೆಯಬೇಡ.

ನಗ್ಲಾ


ದಮನ್‌ಹೂರ್
೧೧ ಏಪ್ರಿಲ್ ೧೯೯೨

ನಗ್ಲಾ,

ಅಕ್ಕ ಎನ್ನಬೇಡ ಎಂದಿದ್ದೆ. ಅಂದಿಲ್ಲ, ನೋಡು.

ಹಬ್ಬದ ದಿನ ಅಪ್ಪ ಕಹ್ಕ್ ಬಿಸ್ಕತ್ತು ಕಚ್ಚಿದರು, ಒಳಗೆ ಅಕ್ರೋಟಿನ ಗಟ್ಟಿ ಚಿಪ್ಪು ಇತ್ತು. ಮೂಲೆಯಲ್ಲಿ ಉಳಿದಿದ್ದ ಚೂರೂ ಬಿತ್ತು. ಈಗ ಪಾಕದ ರುಚಿ ನೋಡಿದರೆ ಝುಮ್ಮೆನ್ನುತ್ತದಂತೆ. ಕುನಾಫಾ ಮಾಡುವವನು ಪಾಕದ ರುಚಿ ನೋಡದೆ ಇರಲು ಆಗುತ್ತದೆಯೇ? ಈಗ ಅಮ್ಮ ನೋಡಿ ಹೇಳುತ್ತಾರೆ, ಅಪ್ಪ ಅಮ್ಮನ ಮುಖ ನೋಡಿಕೊಂಡು ಒಲೆಯಿಂದ ಇಳಿಸುತ್ತಾರೆ. ಎರಡು ಕಡಾಯಿ ಪಾಕ ಕೆಟ್ಟಿತು.

ರಂಜಾನ್ ಮುಗಿದ ಮೇಲೆ ಬೇರೆ ಬಾಯಿಗಳನ್ನೂ ಹುಡುಕಿದೆ. ಕಾಲೇಜಿರುವ ಊರಿನ ಬಸ್ ನಿಲ್ದಾಣಕ್ಕೂ ಹೋದೆ. ನಿನಗೆ ನಗು ಬರಬಹುದು. ಒಬ್ಬ ಹೆಂಗಸಿನ ಹತ್ತಿರ ಹೋಗಿ "ನಿಮ್ಮ ಹಲ್ಲು..." ಎಂದಷ್ಟೇ ಅಂದೆ. "ನನ್ನ ಹಲ್ಲಿಗೇನಾಗಿದೆಯೇ ಮೂದೇವಿ?" ಎಂದು ಬುಟ್ಟಿ ಎತ್ತಿಕೊಂಡು ಬೈಯುತ್ತಾ ಹೋದಳು. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮುಂದಿನ ರೈಲಿಗೆ ಮನೆಗೆ ಬಂದೆ.

ನಿನ್ನ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಅವರಿಗೆ ಅಚ್ಚಿನ ಅಕ್ಷರ ಬರುತ್ತದೆ, ನಿನ್ನ ಕೈಬರಹ ಬರುವುದಿಲ್ಲ. "ಪ್ರೀತಿಯ ಅಪ್ಪ, ರಾವಿಯಾ ಹೇಳಿದಂತೆ ಮಾಡಿಸಿಕೊಳ್ಳಿ, ಪೂರ್ತಿ ತೆಗೆದು ಹೊಸದು ಹಾಕಲಿ, ನನ್ನ ಒಪ್ಪಿಗೆ ಇದೆ" ಎಂದು ಓದಿದೆ. ಓದುವಾಗ ಒಂದು ಕಡೆಯೂ ತಡವರಿಸಲಿಲ್ಲ. ಅವರು ಕಾಗದವನ್ನು ಇಸಿದುಕೊಂಡು ಸ್ವಲ್ಪ ಹೊತ್ತು ನೋಡಿ, ಮಡಿಸಿ ಕೊಟ್ಟರು. "ಸರಿ, ಕರ್ಕೊಂಡು ಹೋಗು" ಎಂದರು.

ನಾಳೆ ಭಾನುವಾರ ಕರೆದುಕೊಂಡು ಹೋಗುತ್ತೇನೆ. ಇದು ನಿನ್ನ ಕೈಗೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ತಡೆಯಲು ನಿನ್ನಿಂದ ಆಗುವುದಿಲ್ಲ, ಬೈಯಲು ಮಾತ್ರ ಆಗುತ್ತದೆ. ಬೈ.

ರಾವಿಯಾ


ದಾಖ್ಲಾ
೨೦ ಏಪ್ರಿಲ್ ೧೯೯೨

ರಾವಿಯಾ,

ನಿನ್ನೆ ಬಂತು ನಿನ್ನ ಪತ್ರ. ಬೈಯುವುದಿಲ್ಲ. ಅದಕ್ಕೂ ಏನಾದರೂ ಉಳಿದಿರಬೇಕು.

ನನ್ನ ಹೆಸರಿನಲ್ಲಿ ಸುಳ್ಳು ಓದಿ, ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಅವರ ಗಟ್ಟಿ ಹಲ್ಲನ್ನು ಕೊರೆದು ಸಹಿ ತೆಗೆದುಕೊಂಡೆ. ಪಾಸಾದೆ. ಶುಭವಾಗಲಿ. ಆ ಗೋಡೆ ಯಾವಾಗ ಒಡೆಯುತ್ತದೋ ಆಗ ಅಪ್ಪ ನಿನಗೆ ಹೇಳುವುದಿಲ್ಲ. ಅವರು ಅಂಥವರಲ್ಲ. ಇನ್ನೊಂದು ಪಕ್ಕದಲ್ಲಿ ಅಗಿಯುತ್ತಾರೆ.

ಈಗ ಮುಚ್ಚಿಡುವುದೇನೂ ಇಲ್ಲ, ಕೇಳು. ಬಾಗಿಲು ತೆಗೆಯುವ ಮೊದಲೇ ಸಾಲು ನಿಲ್ಲುತ್ತದೆ ಎಂದು ಬರೆದಿದ್ದೆನಲ್ಲ, ಅದು ನಿಜ. ಅವರೆಲ್ಲ ಹಲ್ಲು ಕೀಳಿಸಿಕೊಳ್ಳಲು ನಿಂತವರು. ಇಲ್ಲಿಯ ಕೊರೆಯುವ ಯಂತ್ರ ನಾನು ಬರುವ ಮೊದಲೇ ಕೆಟ್ಟು ಕೂತಿದೆ. ಅರ್ಜಿ ಹಾಕಿದರೆ ಜನ ಕಳಿಸುತ್ತೇವೆ ಎನ್ನುತ್ತಾರೆ, ಕಳಿಸುವುದಿಲ್ಲ. ಬೆಳ್ಳಿಯ ಪುಡಿಯ ಡಬ್ಬ ಸೀಲು ಒಡೆಯದೆ ಬೀರುವಿನಲ್ಲಿದೆ. ಇಲ್ಲಿಗೆ ಬಂದ ಮೇಲೆ ನಾನು ಒಂದೇ ಒಂದು ಫಿಲ್ಲಿಂಗ್ ಹಾಕಿಲ್ಲ. ಇಕ್ಕಳ ಹಿಡಿದು ಕೀಳುತ್ತೇನೆ. ಚುಚ್ಚುಮದ್ದು, ಇಕ್ಕಳ, ಹತ್ತಿ, ಮುಂದಿನವರು.

ಉಳಿಸಬಹುದಾದ ಹಲ್ಲುಗಳು, ರಾವಿಯಾ. ಕಡಲೆಕಾಳಿನಷ್ಟು ಹುಳುಕು ಇರುವ ಹಲ್ಲುಗಳು. ಮೊನ್ನೆ ಮದುವೆ ಗೊತ್ತಾದ ಹುಡುಗಿಯೊಬ್ಬಳು ಬಂದಿದ್ದಳು. ಯಂತ್ರವಿರುವ ಊರಿಗೆ ಹೋಗು, ಇದು ಉಳಿಯುತ್ತದೆ ಎಂದೆ. "ಯಾರು ಕರ್ಕೊಂಡು ಹೋಗ್ತಾರೆ ಡಾಕ್ಟ್ರಮ್ಮ? ನೋವು ತಡೆಯಕ್ಕಾಗ್ತಿಲ್ಲ, ಕಿತ್ತುಬಿಡಿ" ಎಂದಳು. ಕಿತ್ತೆ. ಕಾಗದದಲ್ಲಿ ಕಟ್ಟಿಕೊಡಿ ಎಂದು ಕೇಳಿದಳು. ಕಟ್ಟಿಕೊಟ್ಟೆ.

ನಾನು ಹಾಕಿದ ಫಿಲ್ಲಿಂಗುಗಳು ಈ ಭೂಮಿಯ ಮೇಲೆ ಎಲ್ಲಾದರೂ ಇದ್ದರೆ ಅವು ನಮ್ಮ ಗಲ್ಲಿಯಲ್ಲಿವೆ. ಎತ್ತರವೋ ತಗ್ಗೋ, ಅಲ್ಲಿವೆ. ಇಲ್ಲಿ ಸಂಜೆ ಬಾಗಿಲು ಹಾಕಿ ಕೂತಾಗ ಅಬ್ದೂ ಚಾಚಾನ ಮೇಲಿನ ಹಲ್ಲು, ಉಮ್ ಹಾಶಿಮ್‌ದು, ಅಪ್ಪನದು ಎಂದು ನೆನೆಸಿಕೊಳ್ಳುತ್ತಿದ್ದೆ. ಅದಕ್ಕೆ ಒಪ್ಪಲಿಲ್ಲ. ಬೋರ್ಡಿಗಾಗಿ ಎಂದುಕೊಂಡೆ ನೀನು.

ಉತ್ತರ ಬರೆಯಬೇಡ.

ನಗ್ಲಾ


ದಮನ್‌ಹೂರ್
೨೧ ಏಪ್ರಿಲ್ ೧೯೯೨

ನಗ್ಲಾ,

ನೀನು ಬೈದು ಬರೆದ ಪತ್ರ ಇನ್ನೂ ದಾರಿಯಲ್ಲಿರಬೇಕು. ಅದು ಬರುವ ಮೊದಲೇ ಬರೆದುಬಿಡುತ್ತೇನೆ. ಆಮೇಲೆ ಬರೆಯಲು ಮನಸ್ಸಾಗುವುದಿಲ್ಲ. ಒಂಬತ್ತು ದಿನ ಸುಮ್ಮನಿದ್ದೆ. ನೀನು ಉರಿಯುತ್ತಿರಲಿ ಎಂದೇ ಸುಮ್ಮನಿದ್ದೆ.

ಆ ಭಾನುವಾರ ಅಪ್ಪ ಹಬ್ಬದ ಗಲಬಿಯಾ ನಿಲುವಂಗಿ ಹಾಕಿಕೊಂಡು ಬಂದರು. ಕಾಯುವ ಬೆಂಚಿನಲ್ಲಿ ಕೂತವರಿಗೆಲ್ಲ, "ದೊಡ್ಡವಳು ಹಾಕಿದ್ದು, ಚಿಕ್ಕವಳು ನೋಡ್ತಾಳೆ. ನಂಗೆ ಹೊರಗಿನ ಡಾಕ್ಟ್ರು ಬೇಕಾಗಿಲ್ಲ" ಎಂದು ತುಟಿ ಎಳೆದು ತೋರಿಸಿದರು.

ಕುರ್ಚಿಯಲ್ಲಿ ಕೂರಿಸಿ ಮೂಲೆಯಿಂದ ಕೊರೆಯಲು ಶುರುಮಾಡಿದೆ. ಮೂಲೆಯ ಕೆಳಗೆ ಸ್ವಲ್ಪ ಮೆತ್ತಗಿತ್ತು. ಅಷ್ಟನ್ನು ತೆಗೆದೆ. ಆಮೇಲೆ ಸೂಜಿ ಇಟ್ಟೆ. ಹೋಗಲಿಲ್ಲ. ಪಕ್ಕದಲ್ಲಿ ಇಟ್ಟೆ, ಅಲ್ಲೂ ಹೋಗಲಿಲ್ಲ. ಉಳಿದ ಬೆಳ್ಳಿ ಹಲ್ಲಿಗೆ ಹೇಗೆ ಕೂತಿತ್ತೆಂದರೆ, ಎಲ್ಲಿ ಹಲ್ಲು ಮುಗಿದು ಎಲ್ಲಿ ನಿನ್ನದು ಶುರುವಾಗುತ್ತದೆ ಎಂದು ಸೂಜಿಗೂ ಗೊತ್ತಾಗುತ್ತಿರಲಿಲ್ಲ. ನಾನು ಸೂಜಿ ಆಡಿಸುತ್ತಲೇ ಇದ್ದೆ, ಎಲ್ಲಾದರೂ ಒಂದು ಕಡೆ ಹೋಗಲಿ ಎಂದು.

ಡಾಕ್ಟರ್ ಮಹ್ರೂಸ್ ಹಿಂದೆ ಬಂದು ನಿಂತರು.

"ಇನ್ನೂ ಏನಮ್ಮ ಗೀರ್ತಾ ಇದೀಯ? ಕಿತ್ತು ಬಿಸಾಕು, ಹೊಸದು ಹಾಕು, ಸಹಿ ಹಾಕ್ತೀನಿ."

"ಡಾಕ್ಟ್ರೇ, ಒಳಗೆ ಗಟ್ಟಿಯಿದೆ."

"ಗಟ್ಟಿ ಇದ್ರೆ ಏನೀಗ? ನಿಂಗೆ ಕೇಸು ಬೇಕೋ ಬೇಡ್ವೋ?"

ಅಪ್ಪನ ಬಾಯಿಯಲ್ಲಿ ಹತ್ತಿ ತುಂಬಿತ್ತು. ಮಾತಾಡುವಂತಿರಲಿಲ್ಲ. ಕಣ್ಣು ಮಾತ್ರ ನನ್ನ ಮೇಲಿತ್ತು. ಡ್ರಿಲ್ಲನ್ನು ನಿನ್ನ ಬೆಳ್ಳಿಯ ನಡುವಿಗೆ ಇಟ್ಟೆ. ಕಾಲು ಪೆಡಲಿನ ಮೇಲಿತ್ತು. ಒತ್ತಲಿಲ್ಲ. ಒತ್ತಲು ಆಗಲಿಲ್ಲ ಎನ್ನುವುದೇ ಸರಿ.

ಮೂಲೆಗೆ ಮಾತ್ರ ಬೆಳ್ಳಿ ತುಂಬಿ, ಉಜ್ಜಿ, ನುಣ್ಣಗೆ ಮಾಡಿದೆ. ಡಾಕ್ಟರ್ ಮಹ್ರೂಸ್ ನೋಡಿ, "ಚೆನ್ನಾಗಿದೆ. ಮನೆಗೆ ಹೋಗು" ಎಂದರು. ಸಹಿ ಇಲ್ಲ.

ವಾಪಸು ರೈಲಿನಲ್ಲಿ ಅಪ್ಪ ಕೇಳಿದರು, "ನಗ್ಲಾದು ಎಲ್ಲಾ ಹೋಯ್ತಾ?"

"ಇಲ್ಲಪ್ಪಾ. ಮೂಲೆ ಮಾತ್ರ ನಂದು."

"ಅವಳು ಒಪ್ಪಿದ್ಲು ಅಂತ ಓದ್ದೆಯಲ್ಲ, ಅವತ್ತೇ ಗೊತ್ತಾಯ್ತು. ಹುಟ್ಟಿದಾಗಿಂದ ನಗ್ಲಾ ಒಂದೇ ಮಾತಿಗೆ ಯಾವುದಕ್ಕಾದ್ರೂ ಒಪ್ಪಿದ್ದುಂಟಾ?"

"ಗೊತ್ತಿದ್ದೂ ಯಾಕಪ್ಪಾ ಬಂದ್ರಿ?"

"ನಿಂಗೆ ಬೇಕಾಗಿತ್ತಲ್ಲ ಮಗಳೇ."

ಊರು ಬರುವವರೆಗೂ ಅವರು ನಾಲಿಗೆಯಿಂದ ಮೂಲೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

ಇದನ್ನು ಓದಿ ಗೆದ್ದೆ ಎಂದು ಕುಣಿಯಬೇಡ. ನಿನಗಾಗಿ ಮಾಡಿದ್ದಲ್ಲ. ನಿನ್ನ ಫಿಲ್ಲಿಂಗ್ ಚೆನ್ನಾಗಿತ್ತು, ಅಷ್ಟೇ. ಅದಕ್ಕೇ ನನಗೆ ನಿನ್ನ ಮೇಲೆ ಇನ್ನೂ ಹೆಚ್ಚು ಸಿಟ್ಟು. ಕೆಟ್ಟದಾಗಿ ಹಾಕಿದ್ದರೆ ನಾನು ಪಾಸಾಗಿರುತ್ತಿದ್ದೆ.

ಮೇ ಏಳಕ್ಕೆ ಕ್ಲಿನಿಕ್ ಮುಚ್ಚುತ್ತದೆ. ನನಗೆ ಬಾಯಿ ಸಿಕ್ಕಿಲ್ಲ. ಸಿಗುವುದೂ ಇಲ್ಲ. ಉಮ್ ಹಾಶಿಮ್‌ದನ್ನು ಉಜ್ಜಿ ತಗ್ಗಿಸಿದ್ದೇನೆ. ಈಗ ಎರಡೂ ಪಕ್ಕ ಅಗಿಯುತ್ತಾ, "ನಿಮ್ಮಕ್ಕ ಹೇಳಿ ಮಾಡ್ಸಿದ್ಲಾ?" ಎಂದು ಕೇಳುತ್ತಾಳೆ.

ರಾವಿಯಾ


ದಾಖ್ಲಾ
೩೦ ಏಪ್ರಿಲ್ ೧೯೯೨
(ಕೈಯಲ್ಲಿ ಕಳಿಸಿದ್ದು)

ರಾವಿಯಾ,

ಈ ಪತ್ರ ತಂದವಳನ್ನು ಒಳಗೆ ಕರೆದು ಮೊದಲು ನೀರು ಕೊಡು. ಎರಡು ಬಸ್ಸು, ಒಂದು ರೈಲು ಹತ್ತಿ ಬಂದಿದ್ದಾಳೆ. ಹೆಸರು ಗಲೀಲಾ, ಇಲ್ಲಿಯ ಸೂಲಗಿತ್ತಿ. ಈ ಊರಿನ ಅರ್ಧ ಜನ ಇವಳ ಕೈಯಲ್ಲೇ ಹುಟ್ಟಿದವರು. ಮಾತು ಜಾಸ್ತಿ. ನೀನು ಮಾತಾಡುವ ಅಗತ್ಯ ಬೀಳುವುದಿಲ್ಲ, ನಿನಗೆ ಅನುಕೂಲ.

ಕೆಳಗೆ ಎಡಗಡೆ ದೊಡ್ಡ ಹಲ್ಲು ನೋಡು. ಮೇಲೂ ಪಕ್ಕದಲ್ಲೂ ಹುಳುಕು, ನರ ದೂರವಿದೆ, ಗೋಡೆಗಳು ಗಟ್ಟಿಯಾಗಿವೆ. ನಿನ್ನ ಡಾಕ್ಟರ್ ಮಹ್ರೂಸ್ ಕೇಳುವ ದೊಡ್ಡ ಫಿಲ್ಲಿಂಗ್ ಅದೇ. ಯಾರ ಕೈಯೂ ಬಿದ್ದಿಲ್ಲ. ತೆಗೆಯಲು ಹಳೆಯದಿಲ್ಲ, ತೇಪೆ ಹಾಕಲು ಏನೂ ಇಲ್ಲ. ಅಲ್ಲಿ ಏನು ಬಂದರೂ ನಿನ್ನದೇ, ಒಳ್ಳೆಯದೂ ಕೆಟ್ಟದ್ದೂ.

ಕೀಳಿಸಿಕೊಳ್ಳಲು ನನ್ನ ಹತ್ತಿರ ಬರುತ್ತಲೇ ಇದ್ದಳು. ಕೀಳುವುದಿಲ್ಲ ಎಂದೆ. "ಕೀಳಮ್ಮ, ಅದಕ್ಕೆ ತಾನೇ ಸರ್ಕಾರ ನಿನ್ನ ಇಲ್ಲಿ ಇಟ್ಟಿರೋದು" ಎಂದು ಜಗಳ ಮಾಡಿದಳು. ಲವಂಗದೆಣ್ಣೆ ಹಾಕಿ ಕಳಿಸುತ್ತಿದ್ದೆ. ನಿನ್ನ ಪತ್ರ ಬಂದ ದಿನವೇ ಅವಳ ಮನೆಗೆ ಹೋದೆ. ಅಷ್ಟು ದೂರ ಬರುವುದಿಲ್ಲ ಎಂದಳು. ರೈಲು ನೋಡುತ್ತೀಯಾ ಎಂದೆ. ಹುಟ್ಟಿದ ಮೇಲೆ ನೋಡಿಲ್ಲವಂತೆ. ಯೋಚಿಸಿ, "ಹಲ್ಲಿಗೋಸ್ಕರ ಅಲ್ಲ, ರೈಲಿಗೋಸ್ಕರ" ಎಂದು ಹೊರಟಳು.

ಅಂಗಾತ ಮಲಗಿದರೆ ಕೆಮ್ಮುತ್ತಾಳೆ, ಕುರ್ಚಿಯನ್ನು ಪೂರ್ತಿ ಬಗ್ಗಿಸಬೇಡ. ನಾಲಿಗೆ ದೊಡ್ಡದು, ಹತ್ತಿ ಹೆಚ್ಚು ಇಡು. ಬೆಳ್ಳಿಯನ್ನು ಒತ್ತುವಾಗ ಅವಸರ ಮಾಡಬೇಡ, ನಿನ್ನದು ಯಾವಾಗಲೂ ಅದೇ ತಪ್ಪು. ಎತ್ತರವಾಗದ ಹಾಗೆ ನೋಡಿಕೋ. ಎತ್ತರವಾದರೆ ಪತ್ರ ಬರೆಯಲು ನನಗೂ ಬರುತ್ತದೆ.

ಇವಳ ಬಾಯಿ ಕೆಡಿಸಿ ಕಳಿಸಿದರೆ ನಾನೇ ಬಂದು ಕೀಳುತ್ತೇನೆ. ಅವಳ ಹಲ್ಲನ್ನಲ್ಲ, ನಿನ್ನದನ್ನು.

ಅಪ್ಪನ ಮೂಲೆಗೆ ಎಷ್ಟು ಆಳ ಕೊರೆದೆ ಎಂದು ನೀನು ಬರೆದೇ ಇಲ್ಲ. ಬರೆ.

ನಗ್ಲಾ


ದಮನ್‌ಹೂರ್
೬ ಮೇ ೧೯೯೨
(ಗಲೀಲಾ ಕೈಯಲ್ಲಿ)

ನಗ್ಲಕ್ಕ,

ಸಹಿ ಆಯಿತು. ಡಾಕ್ಟರ್ ಮಹ್ರೂಸ್, "ಇವರನ್ನ ಎಲ್ಲಿಂದ ಹಿಡ್ಕೊಂಡು ಬಂದೆ?" ಎಂದರು. ದಾಖ್ಲಾದಿಂದ ಎಂದೆ. ಸುಳ್ಳು ಹೇಳುತ್ತಿದ್ದೇನೆಂದು ನಕ್ಕರು. ಗಲೀಲಾ ಬಾಯಿ ತುಂಬ ಹತ್ತಿ ಇಟ್ಟುಕೊಂಡೇ ಅವರಿಗೆ ಏನೋ ಬೈದಳು, ಅರ್ಥವಾಗಲಿಲ್ಲ.

ಎತ್ತರವಾಗಿಲ್ಲ. ಎರಡು ಸಲ ಕಚ್ಚಿಸಿ ನೋಡಿದೆ. ನಂಬದಿದ್ದರೆ ಅವಳು ಬಂದಾಗ ನೀನೇ ನೋಡು. ಹೇಗೂ ನೋಡುತ್ತೀಯ.

ಅವಸರ ಮಾಡಲಿಲ್ಲ. ನನ್ನ ಯಾವಾಗಲಿನ ತಪ್ಪು ಎಂದಿದ್ದೆ. ನನ್ನ ಯಾವ ಕೆಲಸವನ್ನು ನೀನು ಯಾವಾಗ ನೋಡಿದ್ದೀಯ? ಅಪ್ಪನ ಮೂಲೆಯಲ್ಲಿ ಹೋಗಿದ್ದು ಗೋಧಿಕಾಳಿನಷ್ಟು, ಹೆಚ್ಚಲ್ಲ. ಈಗ ಅಂಗಡಿಗೆ ಬಂದವರಿಗೆ ತುಟಿ ಎಳೆದು "ಇಷ್ಟು ನಗ್ಲಾದು, ಈ ತುದಿ ರಾವಿಯಾದು" ಎಂದು ತೋರಿಸುತ್ತಾರೆ. ತುದಿ ಅಂತೆ.

ನಿನ್ನ ಏಪ್ರಿಲ್ ಇಪ್ಪತ್ತರ ಪತ್ರ ಬಂತು. ಉತ್ತರ ಬರೆಯಬೇಡ ಎಂದಿದ್ದೆ, ಅದಕ್ಕೇ ಅದರ ಬಗ್ಗೆ ಬರೆಯುತ್ತಿಲ್ಲ.

ಇಷ್ಟು ಮಾತ್ರ. ಗಲೀಲಾಳ ಮೇಲಿನ ದವಡೆಯಲ್ಲಿ ಎರಡು ಹಲ್ಲಿಲ್ಲ. ಡಾಕ್ಟ್ರಮ್ಮ ಕಿತ್ತಿದ್ದು, ಬಂದ ಹೊಸದರಲ್ಲಿ ಎಂದಳು. ಫಿಲ್ಲಿಂಗ್ ಮುಗಿದ ಮೇಲೂ ಅವಳಿಗೆ ಬಾಯಿ ಮುಚ್ಚಲು ಬಿಡಲಿಲ್ಲ. ಬೇರು ಉಳಿದಿದೆಯಾ, ಎಲುಬಿನ ಚೂರು ಚುಚ್ಚುತ್ತದೆಯಾ, ಒಸಡು ಕೂಡಿಕೊಂಡಿದೆಯಾ ಎಂದು ಕನ್ನಡಿ ಹಿಡಿದು, ದೀಪ ಹತ್ತಿರ ಎಳೆದುಕೊಂಡು, ಬೆರಳಿಟ್ಟು ತಡವಿ ನೋಡಿದೆ. ನಿನ್ನದೊಂದು ತಪ್ಪು ಹುಡುಕಬೇಕು ಎಂದೇ ನೋಡಿದೆ.

ಸಿಗಲಿಲ್ಲ.

ರಾವಿಯಾ